ಅಂಕಿ, ಲೋಹ, ಕಾಗದ: ಮಸಲ್ ಕಾರುಗಳ ಮೂಲ ಕಾರ್ಬುರೇಟರ್ ಪ್ರಶ್ನೆ

2014ರ ಜೂನ್‌ನಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ನಡೆದ ಮೆಕಮ್ ಹರಾಜಿನಲ್ಲಿ 1971ರ ಪ್ಲಿಮತ್ ‘ಹೆಮಿ ಕೂಡಾ’ ಕನ್ವರ್ಟಿಬಲ್ ಕಾರೊಂದು 35 ಲಕ್ಷ ಡಾಲರ್‌ಗೆ ಹೋಯಿತು. ಆ ಮಟ್ಟದ ಹಣ ಕೈ ಬದಲಾಗುವಾಗ ಕೊಳ್ಳುವವರ ಕಡೆಯ ಪರೀಕ್ಷಕರು ಬಾನೆಟ್ ಎತ್ತಿಸಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡುತ್ತಾರೆ. ಎಂಜಿನ್ ಬ್ಲಾಕ್, ಗೇರ್‌ಬಾಕ್ಸ್ ಆದಮೇಲೆ ಟಾರ್ಚ್ ಬೆಳಕು ಬೀಳುವುದು ಕಾರ್ಬುರೇಟರ್ ಮೇಲೆ. ಇದು ಕಾರ್ಖಾನೆಯಲ್ಲಿ ಕೂರಿಸಿದ್ದೇ, ಆಮೇಲೆ ಯಾರೋ ತಂದು ಹಾಕಿದ್ದೇ?

ಪ್ರಶ್ನೆ ಚಿಕ್ಕದು, ಉತ್ತರ ತೊಡಕಿನದು. 1968ರಿಂದೀಚೆಗಿನ ಅಮೆರಿಕನ್ ಕಾರುಗಳ ಎಂಜಿನ್ ಬ್ಲಾಕ್ ಮೇಲೆ ಆ ಕಾರಿನ ಗುರುತಿನ ಸಂಖ್ಯೆಯ ಒಂದು ಭಾಗವನ್ನು ಒತ್ತಿರುತ್ತಾರೆ. ಹಾಗಾಗಿ ಎಂಜಿನ್ ಯಾವ ಕಾರಿನದು ಎಂದು ಖಚಿತವಾಗಿ ಹೇಳಬಹುದು. ಕಾರ್ಬುರೇಟರ್ ಮೇಲೆ ಅಂಥ ಗುರುತಿಲ್ಲ. ಅದರ ಮೇಲಿರುವುದು ಮಾದರಿಯ ಸಂಖ್ಯೆ, ತಯಾರಾದ ವಾರವೋ ದಿನವೋ, ಅಷ್ಟೇ. ಯಾವ ಬಗೆಯ ಕಾರಿಗೆಂದು ಮಾಡಿದ್ದು ಎಂಬುದನ್ನು ಅದು ಹೇಳುತ್ತದೆ. ಯಾವ ಕಾರಿನ ಮೇಲೆ ಕೂತಿತ್ತು ಎಂಬುದನ್ನು ಹೇಳುವುದಿಲ್ಲ. ಈ ಬಿರುಕಿನಲ್ಲೇ ಕಳೆದ ಐದು ದಶಕಗಳ ವಾದಗಳೆಲ್ಲ ಹುಟ್ಟಿವೆ. ಮೂಲ ಕಾರ್ಬುರೇಟರ್‌ಗೆ ಕೊಡುವ ಬೆಲೆ, ಗಟ್ಟಿಯಾಗಿ ನೋಡಿದರೆ, ಒಂದು ಊಹೆಗೆ ಕೊಡುವ ಬೆಲೆ. ಆ ಊಹೆಗೆ ಆಧಾರ ಯಾವುದು ಎಂಬಲ್ಲಿ ಪಂಥಗಳು ಬೇರೆಯಾಗುತ್ತವೆ.

ಪ್ರಶ್ನೆ ಹುಟ್ಟಿದ ಬಗೆ

ಮಸಲ್ ಕಾರುಗಳ ಕಾಲ 1964ರ ಪಾಂಟಿಯಾಕ್ ಜಿಟಿಓದಿಂದ ಶುರುವಾಯಿತು ಎಂದು ಬಹುತೇಕರು ಲೆಕ್ಕ ಹಾಕುತ್ತಾರೆ. ಮಧ್ಯಮ ಗಾತ್ರದ ಕಾರಿಗೆ ದೊಡ್ಡ ಕಾರಿನ 389 ಘನ ಇಂಚಿನ ವಿ8 ಎಂಜಿನ್ ಇಳಿಸಿದ ಸಾಹಸ ಅದು. ನಾಲ್ಕು ಬ್ಯಾರೆಲ್‌ನ ಒಂದೇ ಕಾರ್ಟರ್ ಕಾರ್ಬುರೇಟರ್ ಇದ್ದ ಜಿಟಿಓಗೆ 325 ಅಶ್ವಶಕ್ತಿ. ಎರಡೆರಡು ಬ್ಯಾರೆಲ್‌ನ ಮೂರು ರಾಚೆಸ್ಟರ್‌ಗಳನ್ನು ಸಾಲಾಗಿ ಕೂರಿಸಿದ ಟ್ರೈ-ಪವರ್ ಆಯ್ಕೆಗೆ 348. ಎಂಜಿನ್‌ನ ಗಾತ್ರ ಅದೇ. ಕಾರಿನ ಹೆಸರು, ಬೆಲೆ, ಇಂದಿನ ಹರಾಜಿನ ಮೊತ್ತ ಎಲ್ಲವನ್ನೂ ಬೇರೆ ಮಾಡಿದ್ದು ಮೇಲೆ ಕೂತ ಕಾರ್ಬುರೇಟರ್‌ಗಳು. ಆಗಿನ ಜಾಹೀರಾತುಗಳಲ್ಲೂ ಅವಕ್ಕೆ ಮೊದಲ ಮಣೆ.

1967ರ ಮಾದರಿಗಳಿಂದ, ಪಾಂಟಿಯಾಕ್‌ನ ಮಾತೃಸಂಸ್ಥೆ ಜನರಲ್ ಮೋಟರ್ಸ್ ಕಾರ್ವೆಟ್‌ನಂಥ ಅಪವಾದಗಳನ್ನು ಬಿಟ್ಟು ಉಳಿದ ಕಾರುಗಳಲ್ಲಿ ಒಂದಕ್ಕಿಂತ ಹೆಚ್ಚು ಕಾರ್ಬುರೇಟರ್ ಕೂರಿಸುವುದನ್ನು ನಿಲ್ಲಿಸಿತು. ಟ್ರೈ-ಪವರ್ ಜಿಟಿಓ 1966ಕ್ಕೆ ಮುಗಿದುಹೋಯಿತು. ಕ್ರೈಸ್ಲರ್‌ಗೆ ಆ ಕಟ್ಟುಪಾಡಿರಲಿಲ್ಲ. ಅದರ ಸ್ಟ್ರೀಟ್ ಹೆಮಿ ಎಂಜಿನ್ ಮೇಲೆ ಎರಡು ಕಾರ್ಟರ್ ಎಎಫ್‌ಬಿಗಳು, 1969ರ ಮಧ್ಯದಲ್ಲಿ ಬಂದ 440 ಸಿಕ್ಸ್ ಪ್ಯಾಕ್ ಮೇಲೆ ಮೂರು ಹಾಲಿಗಳು. ಷೆವರ್ಲೆ, ಫೋರ್ಡ್‌ಗಳ ಅತಿ ಬಲಿಷ್ಠ ಎಂಜಿನ್‌ಗಳಿಗೆ ಹಾಲಿ; ಸಾಧಾರಣ ವಿ8ಗಳಿಗೆ ಷೆವರ್ಲೆಯಲ್ಲಿ ರಾಚೆಸ್ಟರ್ ಕ್ವಾಡ್ರಾಜೆಟ್, ಫೋರ್ಡ್‌ನಲ್ಲಿ ಆಟೊಲೈಟ್. ಒಟ್ಟಿನಲ್ಲಿ ನಾಲ್ಕು ಮನೆತನಗಳು.

ಆಮೇಲೆ ಗಾಳಿ ತಿರುಗಿತು. 1968ರಿಂದ ದೇಶದಾದ್ಯಂತ ಹೊಗೆ ನಿಯಂತ್ರಣ, 1970ರ ಶುದ್ಧಗಾಳಿ ಕಾಯ್ದೆ, 1971ರಲ್ಲಿ ಜನರಲ್ ಮೋಟರ್ಸ್ ಎಂಜಿನ್‌ಗಳ ಸಂಪೀಡನ ಇಳಿಕೆ, 1973ರ ತೈಲ ಬಿಕ್ಕಟ್ಟು. ಮಸಲ್ ಕಾರುಗಳು ಕಡಿಮೆ ಬೆಲೆಯ ಹಳೇ ಗಾಡಿಗಳಾಗಿ ಕಾಲೇಜು ಹುಡುಗರ ಕೈಗೆ ಬಂದವು. ಮೂಲ ಕಾರ್ಬುರೇಟರ್‌ಗಳು ನಾಪತ್ತೆಯಾದದ್ದು ಆ ವರ್ಷಗಳಲ್ಲಿ. ಕೆಲವರು ಇನ್ನೂ ದೊಡ್ಡದು ಬೇಕೆಂದು ಅಂಗಡಿಯಿಂದ ಹೊಸದನ್ನು ತಂದು ಹಾಕಿ ಹಳೆಯದನ್ನು ಶೆಡ್ಡಿಗೆಸೆದರು. ಕೆಲವರು ಪೆಟ್ರೋಲ್ ಉಳಿಸಲು ಚಿಕ್ಕದಕ್ಕೆ ಬದಲಾಯಿಸಿದರು.

ಎಲ್ಲಕ್ಕಿಂತ ಹೆಚ್ಚು ಹಾನಿ ಮಾಡಿದ್ದು ವಿನಿಮಯದ ವ್ಯಾಪಾರ. ಹಳೆಯದನ್ನು ಕೊಟ್ಟು ರಿಪೇರಿಯಾದ ಇನ್ನೊಂದನ್ನು ತೆಗೆದುಕೊಂಡು ಹೋಗುವ ಪದ್ಧತಿ ಅದು. ರಿಪೇರಿ ಕಾರ್ಖಾನೆಗಳಲ್ಲಿ ನೂರಾರು ಕಾರ್ಬುರೇಟರ್‌ಗಳನ್ನು ಒಟ್ಟಿಗೆ ಬಿಚ್ಚಿ, ಮುಚ್ಚಳ, ನಡುಭಾಗ, ಅಡಿಭಾಗಗಳನ್ನು ತೊಟ್ಟಿಗಳಲ್ಲಿ ತೊಳೆದು, ಕೈಗೆ ಸಿಕ್ಕಿದ್ದನ್ನು ಸಿಕ್ಕಿದ್ದಕ್ಕೆ ಜೋಡಿಸುತ್ತಿದ್ದರು. ಮೇಲೆ ಒಂದು ಎಂಜಿನ್‌ನ ಸಂಖ್ಯೆ, ಒಳಗೆ ಇನ್ನೊಂದರ ಜೆಟ್. ಇಂದು ಸಂತೆಯಲ್ಲಿ ಸಿಗುವ ಎಷ್ಟೋ ಕಾರ್ಬುರೇಟರ್‌ಗಳು ಇಂಥ ಕಲಬೆರಕೆಯವು.

1974ರಲ್ಲಿ ಅಮೆರಿಕದ ರಾಷ್ಟ್ರೀಯ ಕಾರ್ವೆಟ್ ಪುನರುಜ್ಜೀವಕರ ಸಂಘ ಹುಟ್ಟಿತು. ಕಾರು ಕಾರ್ಖಾನೆಯಿಂದ ಹೊರಬಿದ್ದಾಗ ಹೇಗಿತ್ತೋ ಅದನ್ನೇ ಮಾನದಂಡವಾಗಿಟ್ಟು, ಬಿಡಿಭಾಗಕ್ಕಿಷ್ಟು ಎಂದು ಅಂಕ ಕೊಡುವ ಪದ್ಧತಿಯನ್ನು ಅದು ಬೆಳೆಸಿತು. ಅಂಕ ಬಂದಮೇಲೆ ಪೈಪೋಟಿ, ಪೈಪೋಟಿಯ ಹಿಂದೆ ಬೆಲೆ, ಬೆಲೆಯ ಬೆನ್ನಿಗೆ ನಕಲಿ. ಒಂದು ಕಾಲಕ್ಕೆ ಗುಜರಿಗೆ ಹೋಗುತ್ತಿದ್ದ ಲೋಹದ ಗಡ್ಡೆಗೆ ದಾಖಲೆ ಕೇಳುವ ಕಾಲ ಹೀಗೆ ಬಂತು.

ಅಂಕಿಗಳನ್ನು ಓದುವುದು ಹೇಗೆ

ಪಂಥಗಳ ಜಗಳಕ್ಕೆ ಇಳಿಯುವ ಮೊದಲು ಎಲ್ಲರೂ ಒಪ್ಪುವ ಲಿಪಿಯನ್ನು ತಿಳಿದುಕೊಳ್ಳಬೇಕು. ಪ್ರತಿ ತಯಾರಕರದ್ದೂ ಬೇರೆ ಬೇರೆ.

ಹಾಲಿಯ ಗುರುತುಗಳು ಮೇಲ್ಗಡೆ, ಚೋಕ್ ಇರುವ ಗೋಪುರದ ಮುಖದ ಮೇಲೆ ಇರುತ್ತವೆ. 1969ರ ಷೆವರ್ಲೆ ಕಮಾರೊ ಝಡ್/28 ಕಾರಿನ ಕಾರ್ಬುರೇಟರ್ ತೆಗೆದುಕೊಳ್ಳೋಣ. ಮೊದಲ ಸಾಲಿನಲ್ಲಿ ಜನರಲ್ ಮೋಟರ್ಸ್‌ನ ಬಿಡಿಭಾಗ ಸಂಖ್ಯೆ 3923289, ಜೊತೆಗೆ ಡಿಝಡ್ ಎಂಬ ಅಕ್ಷರಗಳು. ಎರಡನೆಯ ಸಾಲಿನಲ್ಲಿ ಹಾಲಿಯದೇ ಆದ ಲಿಸ್ಟ್ ಸಂಖ್ಯೆ, 4053. ಅದರ ಕೆಳಗೆ ಮೂರಂಕಿಯ ತಾರೀಖು. ಅಲ್ಲಿ 933 ಎಂದಿದ್ದರೆ ಮೊದಲ 9 ಎಂದರೆ 1969, ನಡುವಿನ 3 ಎಂದರೆ ಮಾರ್ಚ್, ಕೊನೆಯ 3 ಎಂದರೆ ಆ ತಿಂಗಳ ಮೂರನೇ ವಾರ. ಅಕ್ಟೋಬರ್‌ಗೆ ಸೊನ್ನೆ, ನವೆಂಬರ್‌ಗೆ ಎ, ಡಿಸೆಂಬರ್‌ಗೆ ಬಿ. ಇದೇ 4053 ಸಂಖ್ಯೆ 1968ರ ಝಡ್/28ಕ್ಕೂ ಬಂದಿತ್ತು. ಹಾಗಾಗಿ ಬರೀ ಲಿಸ್ಟ್ ಸಂಖ್ಯೆ ನೋಡಿ ಇಸವಿ ಹೇಳಲಾಗದು, ತಾರೀಖೇ ಗತಿ.

ರಾಚೆಸ್ಟರ್ ಕ್ವಾಡ್ರಾಜೆಟ್‌ನ ಸಂಖ್ಯೆ ನಡುಭಾಗದ ಪಕ್ಕದಲ್ಲಿ, ಚಾಲಕನ ಕಡೆ ಹಿಂಬದಿಗೆ, ನೆಟ್ಟಗಿರುವ ಪಟ್ಟಿಯ ಮೇಲೆ ಒತ್ತಿರುತ್ತದೆ. 7029263 ಎಂಬ ಸಂಖ್ಯೆಯನ್ನು ಬಿಡಿಸಿದರೆ, 7029 ಎಂಬುದು 1969ರ ಮಾದರಿ; 26 ಪಾಂಟಿಯಾಕ್ ವಿಭಾಗದ್ದು; ಕೊನೆಯ ಬೆಸ ಅಂಕಿ ಕೈಗೇರಿನ ಕಾರು. ಸಮ ಅಂಕಿಯಾಗಿದ್ದರೆ ಆಟೊಮ್ಯಾಟಿಕ್ ಗೇರು. 24 ಇದ್ದರೆ ಬ್ಯೂಯಿಕ್, 25 ಇದ್ದರೆ ಓಲ್ಡ್ಸ್‌ಮೊಬೈಲ್. ಹತ್ತಿರದಲ್ಲೇ ಇರುವ ನಾಲ್ಕಂಕಿಯ ತಾರೀಖಿನಲ್ಲಿ ಮೊದಲ ಮೂರು ವರ್ಷದ ಎಷ್ಟನೇ ದಿನ ಎಂಬುದು, ಕೊನೆಯದು ಇಸವಿ. 0459 ಎಂದರೆ 1969ರ 45ನೇ ದಿನ, ಫೆಬ್ರುವರಿ 14. ಬೇಡಿಕೆ ಹೆಚ್ಚಾದಾಗ ಕ್ವಾಡ್ರಾಜೆಟ್‌ಗಳನ್ನು ಪ್ರತಿಸ್ಪರ್ಧಿ ಕಾರ್ಟರ್ ಕಂಪನಿಯೂ ಮಾಡಿಕೊಟ್ಟಿತ್ತು. ಅವುಗಳ ಮೈಮೇಲೆ ಕಾರ್ಟರ್ ಹೆಸರು ಕಂಡು ನಕಲಿ ಎಂದು ಬಿಸಾಡಿದರೆ ನಷ್ಟ ನಿಮ್ಮದೇ.

ಫೋರ್ಡ್‌ನ ಸಂಖ್ಯೆಯೇ ಒಂದು ವಾಕ್ಯ. 1969ರ ಬಾಸ್ 302 ಮಸ್ಟಾಂಗ್‌ನ ಹಾಲಿ ಮೇಲೆ ಸಿ9ಝಡ್‌ಎಫ್-9510-ಜೆ ಎಂದಿರುತ್ತದೆ. ಸಿ ಎಂದರೆ ಅರವತ್ತರ ದಶಕ, 9 ಎಂದರೆ 1969, ಝಡ್ ಮಸ್ಟಾಂಗ್, 9510 ಎಂದರೆ ಫೋರ್ಡ್ ಭಾಷೆಯಲ್ಲಿ ಕಾರ್ಬುರೇಟರ್. 1970ಕ್ಕೆ ಬಂದರೆ ಮೊದಲ ಅಕ್ಷರ ಡಿ ಆಗುತ್ತದೆ.

ತೊಂದರೆ ಇರುವುದು ಬಿಲ್ಲೆಗಳಲ್ಲಿ. ಟ್ರೈ-ಪವರ್‌ನ ರಾಚೆಸ್ಟರ್‌ಗಳಿಗೂ ಆಟೊಲೈಟ್‌ಗಳಿಗೂ ಗುರುತಿನ ಸಂಖ್ಯೆ ಇದ್ದದ್ದು ಮುಚ್ಚಳದ ಸ್ಕ್ರೂಗೆ ಸಿಕ್ಕಿಸಿದ ಪುಟ್ಟ ಲೋಹದ ಬಿಲ್ಲೆಯ ಮೇಲೆ. ಮೊದಲ ಸಲ ಬಿಚ್ಚಿದ ಮೆಕ್ಯಾನಿಕ್ ಬಿಲ್ಲೆಯನ್ನು ವಾಪಸ್ ಹಾಕದಿದ್ದರೆ ಕಾರ್ಬುರೇಟರ್ ಅನಾಮಧೇಯ. ಕಾರ್ಟರ್ ಎಎಫ್‌ಬಿಗೆ ಬಿಲ್ಲೆಯ ಜೊತೆಗೆ ಅಡಿಯ ಅಂಚಿನಲ್ಲಿ ಒತ್ತಿದ ಸಂಖ್ಯೆಯೂ ಇರುವುದರಿಂದ ಅದು ಸ್ವಲ್ಪ ವಾಸಿ. ಈಗ ಹೊಸ ಬಿಲ್ಲೆಗಳನ್ನು ಬೇಕಾದ ಸಂಖ್ಯೆ ಒತ್ತಿಸಿಕೊಂಡು ತರಿಸಿಕೊಳ್ಳಬಹುದು. ಬಿಲ್ಲೆಯೊಂದನ್ನೇ ನಂಬಿ ಹಣ ಎಣಿಸುವವರು ಕಡಿಮೆಯಾಗಿರುವುದು ಅದಕ್ಕೇ.

ಒಂದನೇ ಪಂಥ: ಅಂಕಿ ಮತ್ತು ತಾರೀಖು

ಮೊದಲ ಪಂಥದವರಿಗೆ ಲೆಕ್ಕ ಸರಳ. ಸಂಖ್ಯೆ ಆ ಕಾರಿನ ಎಂಜಿನ್, ಗೇರ್‌ಬಾಕ್ಸ್‌ಗೆ ಹೊಂದಬೇಕು. ತಾರೀಖು ಕಾರು ಜೋಡಣೆಯಾದ ದಿನಕ್ಕಿಂತ ಹಿಂದಿನದಾಗಿರಬೇಕು, ತೀರಾ ಹಿಂದಿನದಾಗಿರಬಾರದು. ಕಾರ್ವೆಟ್ ವಲಯದಲ್ಲಿ ಆರು ತಿಂಗಳ ಅಂತರವನ್ನು ಸಾಮಾನ್ಯ ಮಿತಿಯಾಗಿ ಒಪ್ಪುತ್ತಾರೆ. ಒಹಾಯೊದ ನಾರ್ವುಡ್ ಕಾರ್ಖಾನೆಯಲ್ಲಿ 1969ರ ಏಪ್ರಿಲ್‌ನಲ್ಲಿ ಜೋಡಣೆಯಾದ ಝಡ್/28ಕ್ಕೆ 933 ತಾರೀಖಿನ 4053 ಸಿಕ್ಕರೆ ಈ ಪಂಥದವರಿಗೆ ಹಬ್ಬ.

ಈ ದಾರಿಯ ದೊಡ್ಡ ಗುಣ, ಯಾರು ಓದಿದರೂ ಒಂದೇ ಉತ್ತರ. ತೀರ್ಪುಗಾರನ ರುಚಿಗೆ ಜಾಗ ಕಡಿಮೆ. ಒಂದೇ ಸಂಖ್ಯೆಯ ಎರಡು ಕಾರ್ಬುರೇಟರ್‌ಗಳ ಬೆಲೆ ಅಜಗಜಾಂತರ ಯಾಕೆ ಎಂಬುದನ್ನೂ ಇದೇ ವಿವರಿಸುತ್ತದೆ. ಹಾಲಿಯ 3310ರ ಕಥೆ ನೋಡಿ. 1965ರಲ್ಲಿ ಸುಮಾರು 200ರಷ್ಟೇ ತಯಾರಾದ ಝಡ್16 ಶೆವೆಲ್ ಕಾರಿನ 396 ಎಂಜಿನ್‌ಗೆ ಈ ಸಂಖ್ಯೆ ಬಂತು. ಆಮೇಲೆ ಹಾಲಿ ಅದೇ ಸಂಖ್ಯೆಗೆ ಒಂದು, ಎರಡು ಎಂದು ಬಾಲ ಸೇರಿಸುತ್ತಾ, ಯಾವ ಕಾರಿಗಾದರೂ ಹಾಕಬಹುದಾದ ಅಂಗಡಿ ಮಾಲಾಗಿ ದಶಕಗಟ್ಟಲೆ ಮಾರಿತು. ಇಂದು 3310 ಎಂಬ ಸಂಖ್ಯೆಯಷ್ಟು ಸುಲಭವಾಗಿ ಸಿಗುವ ಹಾಲಿ ಇನ್ನೊಂದಿಲ್ಲ. ಬಾಲವಿಲ್ಲದ, 1965ರ ತಾರೀಖಿನ 3310ರಷ್ಟು ದುರ್ಲಭವಾದದ್ದೂ ಅಪರೂಪ.

ದೌರ್ಬಲ್ಯವೂ ಇಲ್ಲೇ ಇದೆ. ಆರು ತಿಂಗಳು ಎಂಬುದು ಅನುಭವದ ಮಾತು, ಕಾರ್ಖಾನೆಯ ಕಟ್ಟಳೆಯಲ್ಲ. ಕ್ಯಾಲಿಫೋರ್ನಿಯಾದ ವ್ಯಾನ್ ನೈಸ್‌ನಂಥ ದೂರದ ಕಾರ್ಖಾನೆಗೆ ಬಿಡಿಭಾಗ ತಲುಪಲು ಹೆಚ್ಚು ದಿನ ಹಿಡಿಯುವುದು ಸಹಜ ಎನ್ನುವವರಿದ್ದಾರೆ. ಮುಷ್ಕರ ನಡೆದ, ಮಾರಾಟ ಕುಸಿದ ತಿಂಗಳುಗಳಲ್ಲಿ ಗೋದಾಮಿನ ಮೂಲೆಯ ಪೆಟ್ಟಿಗೆ ಕೊನೆಗೆ ಖಾಲಿಯಾಗಿರಬಹುದು. ಹೊಂದುವ ತಾರೀಖು ಸಾಧ್ಯತೆಯನ್ನು ಹೆಚ್ಚಿಸುತ್ತದೆ, ಸಾಬೀತು ಮಾಡುವುದಿಲ್ಲ. ಅದೇ ವಾರ ತಯಾರಾದ ಅದೇ ಸಂಖ್ಯೆಯ ಇನ್ನೊಂದು ಕಾರ್ಬುರೇಟರ್ ತಂದು ಹಾಕಿದರೆ ಅಂಕಿ ನೋಡುವವನಿಗೆ ವ್ಯತ್ಯಾಸ ಹೊಳೆಯುವ ದಾರಿಯೇ ಇಲ್ಲ.

ಎರಡನೇ ಪಂಥ: ಲೋಹದ ಸಾಕ್ಷಿ

ಅಂಕಿಯನ್ನು ಯಾರು ಬೇಕಾದರೂ ಒತ್ತಬಹುದು, ಎರಕ ಸುಳ್ಳು ಹೇಳುವುದಿಲ್ಲ ಎಂಬುದು ಎರಡನೇ ಪಂಥದ ನಿಲುವು. ಇವರು ಭೂತಗನ್ನಡಿ ಹಿಡಿದು ಕೂರುವವರು. ಒತ್ತಿದ ಅಂಕಿಗಳ ಆಕಾರ ಆ ಕಾಲದ್ದೇ? ಆಳ ಸಮವಾಗಿದೆಯೇ? ಅಂಕಿಯ ಸುತ್ತಲಿನ ಮೈ ಎರಕದ ಒರಟು ಉಳಿಸಿಕೊಂಡಿದೆಯೇ, ಯಾರೋ ಅರ ಹಾಕಿ ನುಣುಪು ಮಾಡಿದ್ದಾರೆಯೇ? ಮುಚ್ಚಳ, ನಡುಭಾಗ, ಅಡಿಭಾಗಗಳ ಎರಕದ ಗುರುತುಗಳು ಒಂದೇ ಕಾಲದವೇ?

ಹಾಲಿ, ರಾಚೆಸ್ಟರ್‌ಗಳದ್ದು ಸತುವಿನ ಮಿಶ್ರಲೋಹ. ಅದಕ್ಕೆ ಡೈಕ್ರೋಮೇಟ್ ಎಂಬ ರಾಸಾಯನಿಕ ಲೇಪ ಕೊಡುತ್ತಿದ್ದರು. ಹೊನ್ನಿನ ಬಣ್ಣದಲ್ಲಿ ಅಲ್ಲಲ್ಲಿ ಹಸಿರು, ಗುಲಾಬಿ ಛಾಯೆ ಆಡುವ ಹೊಳಪು ಅದು. ಐದಾರು ದಶಕ ಕಳೆದಮೇಲೆ ಅದು ಮಂಕಾಗಿ, ಪೆಟ್ರೋಲ್ ತಗುಲಿದ ಕಡೆ ಕಂದಾಗಿ, ಸ್ಕ್ರೂ ತಲೆಯ ಕೆಳಗೆ ಮಾತ್ರ ಹೊಸದಾಗಿ ಉಳಿದಿರುತ್ತದೆ. ಈಗಿನ ಮರುಲೇಪ ಮೈತುಂಬ ಒಂದೇ ಹಳದಿ. ಕಾರ್ಟರ್ ಎಎಫ್‌ಬಿ ಹೆಸರಿನಲ್ಲೇ ಇರುವಂತೆ ಅಲ್ಯುಮಿನಿಯಂನದು. ಅದರ ಮೇಲೆ ಹಾಲಿಯಂಥ ಚಿನ್ನದ ಬಣ್ಣ ಕಂಡರೆ ಅಲ್ಲಿಗೇ ಅನುಮಾನ.

ಕಲಬೆರಕೆ ಜೋಡಣೆಯನ್ನೂ ಹೊಸ ಅಚ್ಚನ್ನೂ ಹಿಡಿಯುವುದರಲ್ಲಿ ಈ ಪಂಥಕ್ಕೆ ಸಾಟಿಯಿಲ್ಲ. ತೊಳೆಯದ, ಬಣ್ಣ ಕಳೆದುಕೊಂಡ ಕಾರ್ಬುರೇಟರ್‌ಗೆ ಹೊಳೆಯುವ ಒಂದಕ್ಕಿಂತ ಹೆಚ್ಚು ಬೆಲೆ ಬರತೊಡಗಿದ್ದು ಇವರಿಂದಲೇ. ಆದರೆ ಇವರ ವಿದ್ಯೆ ಕಣ್ಣಿನಲ್ಲಿದೆ, ಪುಸ್ತಕದಲ್ಲಿಲ್ಲ. ಹೋಲಿಸಲು ಅನುಮಾನವಿಲ್ಲದ ಮೂಲಗಳು ಬೇಕು. ಅವು ಕೆಲವೇ ಸಂಗ್ರಹಕಾರರ ಕೈಯಲ್ಲಿವೆ. ಇಬ್ಬರು ನುರಿತವರು ಒಂದೇ ಕಾರ್ಬುರೇಟರ್ ಬಗ್ಗೆ ಎರಡು ಮಾತು ಹೇಳಿದರೆ ಬಗೆಹರಿಸುವ ಮೂರನೆಯವರಿಲ್ಲ.

ಮೂರನೇ ಪಂಥ: ಕಾಗದ

ಮೂರನೆಯವರು ಕಾರ್ಬುರೇಟರ್ ನೋಡುವ ಮೊದಲು ಕಡತ ಕೇಳುತ್ತಾರೆ. ಈ ಕಾರಿಗೆ ಇಂಥ ಕಾರ್ಬುರೇಟರ್ ಬರಬೇಕಿತ್ತೇ ಎಂಬುದು ಅವರ ಮೊದಲ ಪ್ರಶ್ನೆ. ಪಾಂಟಿಯಾಕ್‌ಗೆ ಪಿಎಚ್‌ಎಸ್ ಸಂಸ್ಥೆಯಲ್ಲಿ ಕಾರ್ಖಾನೆಯ ಬಿಲ್ಲಿನ ದಾಖಲೆಗಳಿವೆ. ಜಿಟಿಓ ಟ್ರೈ-ಪವರ್ ಸಹಿತ ಮಾರಾಟವಾಯಿತೇ ಎಂಬುದು ಅಲ್ಲಿ ಗೊತ್ತಾಗುತ್ತದೆ. 1967ರಿಂದೀಚಿನ ಫೋರ್ಡ್‌ಗಳಿಗೆ ಮಾರ್ಟಿ ವರದಿ ಇದೆ. ಕ್ರೈಸ್ಲರ್ ಕಾರುಗಳ ಫೆಂಡರ್ ಬಿಲ್ಲೆ, ಸೀಟಿನಡಿ ಸಿಗುವ ಜೋಡಣಾ ಹಾಳೆ ಎಂಜಿನ್ ಯಾವುದೆಂದು ಹೇಳುತ್ತವೆ. ಅಮೆರಿಕದಲ್ಲಿ ಮಾರಾಟವಾದ ಷೆವರ್ಲೆಗಳಿಗೆ ಇಂಥ ಕೇಂದ್ರ ದಾಖಲೆ ಇಲ್ಲದಿರುವುದು ದೊಡ್ಡ ಕೊರತೆ. ಕೆನಡಾದಲ್ಲಿ ಮಾರಾಟವಾದವುಗಳ ದಾಖಲೆ ಮಾತ್ರ ಸಿಗುತ್ತದೆ. ಆ ಕಾಲದ ಷೆವರ್ಲೆ ವಾರಂಟಿ ಕೈಪಿಡಿಯಲ್ಲಿ ಅಂಟಿಸುತ್ತಿದ್ದ ಪ್ರೊಟೆಕ್ಟ್-ಓ-ಪ್ಲೇಟ್ ಎಂಬ ಲೋಹದ ತಗಡಿನಲ್ಲಿ ಕಾರ್ಬುರೇಟರ್ ಯಾವ ಕಂಪನಿಯದು ಎಂಬುದಕ್ಕೂ ಒಂದು ಅಕ್ಷರ ಇತ್ತು. ಆ ತಗಡು ಉಳಿಸಿಕೊಂಡವರು ಭಾಗ್ಯವಂತರು.

ಇಷ್ಟೆಲ್ಲ ಇದ್ದೂ ಕಾಗದ ನಿಲ್ಲುವುದು ಬಗೆಯ ಹತ್ತಿರ. ಹಾಲಿ ಬಂದಿತ್ತು ಎನ್ನುತ್ತದೆ, ಈ ಹಾಲಿಯೇ ಎನ್ನುವುದಿಲ್ಲ. ಮೊದಲ ಮಾಲೀಕನಿಂದ ಬಂದ ಫೋಟೊ, ರಿಪೇರಿ ರಸೀದಿ, ಕೈಬದಲಾವಣೆಯ ಸರಪಳಿ ಇದ್ದರೆ ಆ ಅಂತರ ತುಸು ಕಿರಿದಾಗುತ್ತದೆ.

ಕಾಗದದವರನ್ನೇ ಇಕ್ಕಟ್ಟಿಗೆ ಸಿಲುಕಿಸುವ ಪ್ರಕರಣವೊಂದಿದೆ. ಝಡ್/28 ಕಾರಿಗೆ ಎರಡು ಹಾಲಿಗಳನ್ನು ಅಡ್ಡಡ್ಡ ಕೂರಿಸುವ ಕ್ರಾಸ್-ರಾಮ್ ಎಂಬ ಸಾಮಗ್ರಿಯನ್ನು ಷೆವರ್ಲೆ ಡೀಲರ್‌ಗಳ ಕೌಂಟರ್‌ನಲ್ಲಿ ಮಾರಿಸಿತು. ಜೋಡಣಾ ಸಾಲಿನಲ್ಲಿ ಕೂರಿಸಲಿಲ್ಲ. ಕಾರು ಮಾರಾಟವಾದ ದಿನವೇ ಡೀಲರ್ ಕೂರಿಸಿಕೊಟ್ಟಿದ್ದರೆ ಅದು ಮೂಲವೇ ಅಲ್ಲವೇ? ಮಾಲೀಕನ ಪಾಲಿಗೆ ಅದೇ ಮೂಲ. ಕಾರ್ಖಾನೆಯ ದಾಖಲೆಯ ಪಾಲಿಗೆ ಅದು ಇಲ್ಲವೇ ಇಲ್ಲ.

ನಾಲ್ಕನೇ ಪಂಥ: ಓಡಬೇಕು

ನಾಲ್ಕನೆಯವರಿಗೆ ಕಾರು ಇರುವುದು ಓಡಿಸಲು. ಕಾರ್ಬುರೇಟರ್‌ನ ಅರ್ಹತೆಯನ್ನು ಅವರು ರಸ್ತೆಯಲ್ಲಿ ಅಳೆಯುತ್ತಾರೆ. ಸಂಖ್ಯೆಗಳ ಹಿಂದಿರುವ ಎಂಜಿನಿಯರಿಂಗ್ ಅನ್ನು ಉಳಿದವರಿಗಿಂತ ಚೆನ್ನಾಗಿ ವಿವರಿಸುವವರೂ ಇವರೇ. ಒಂದು ಸಂಖ್ಯೆಗೂ ಇನ್ನೊಂದಕ್ಕೂ ಇರುವ ವ್ಯತ್ಯಾಸ ಎಂದರೆ ಜೆಟ್‌ನ ತೂತು, ಪವರ್ ವಾಲ್ವ್, ಚೋಕ್‌ನ ಹದ, ನಿರ್ವಾತದಿಂದ ತೆರೆಯುವ ಹಿಂದಿನ ಬ್ಯಾರೆಲ್‌ಗಳ ಸ್ಪ್ರಿಂಗು. ಇವೆಲ್ಲ ಒಂದು ಎಂಜಿನ್‌ಗೆ ಅಳೆದು ಸುರಿದು ಮಾಡಿದ ಹೊಂದಾಣಿಕೆ. ಹಾಗಾಗಿ ಮೂಲ ಸಂಖ್ಯೆ ಬೇಕೆನ್ನಲು ಪ್ರದರ್ಶನದ ಅಂಕ ಬಿಟ್ಟರೂ ಒಂದು ಕಾರಣ ಉಳಿಯುತ್ತದೆ.

ಗಾಳಿಯ ಲೆಕ್ಕ ನೋಡಿ. 302 ಘನ ಇಂಚಿನ ಎಂಜಿನ್ ನಿಮಿಷಕ್ಕೆ 6,000 ಸುತ್ತು ತಿರುಗುವಾಗ, ಸಿಲಿಂಡರ್‌ಗಳು ಪೂರ್ತಿ ತುಂಬುತ್ತವೆ ಎಂದಿಟ್ಟುಕೊಂಡರೂ, ನಿಮಿಷಕ್ಕೆ ಎಳೆಯುವ ಗಾಳಿ ಸುಮಾರು 524 ಘನ ಅಡಿ. ಷೆವರ್ಲೆ ಅದೇ ಗಾತ್ರದ ಝಡ್/28 ಎಂಜಿನ್‌ಗೆ ಕೊಟ್ಟದ್ದು 780 ಘನ ಅಡಿಯ ಹಾಲಿ. ನಿರ್ವಾತದಿಂದ ತೆರೆಯುವ ಹಿಂದಿನ ಬ್ಯಾರೆಲ್‌ಗಳು ಎಂಜಿನ್ ಕೇಳಿದಷ್ಟೇ ತೆರೆಯುವುದರಿಂದ ಅದು ನಡೆಯಿತು. ಸಿಕ್ಸ್ ಪ್ಯಾಕ್‌ನಲ್ಲಿ ನಡುವಿನದು 350, ಅಕ್ಕಪಕ್ಕದವು 500-500. ಕೂಡಿ 1,350 ಎಂದು ಬೀಗುವವರುಂಟು. ಆದರೆ ಎರಡು ಬ್ಯಾರೆಲ್‌ನವನ್ನು 3 ಇಂಚು ಪಾದರಸದ ಒತ್ತಡ ವ್ಯತ್ಯಾಸದಲ್ಲಿ ಅಳೆಯುತ್ತಾರೆ, ನಾಲ್ಕು ಬ್ಯಾರೆಲ್‌ನವನ್ನು ಒಂದೂವರೆ ಇಂಚಿನಲ್ಲಿ. ಒಂದೇ ಅಳತೆಗೆ ತಂದರೆ ಆ 1,350 ಸುಮಾರು 955ಕ್ಕೆ ಇಳಿಯುತ್ತದೆ.

ಇವರ ವಾದಕ್ಕೆ ಇಂದಿನ ಪೆಟ್ರೋಲ್ ಬಲ ಕೊಟ್ಟಿದೆ. ಅಮೆರಿಕದ ಬಹುಪಾಲು ಪೆಟ್ರೋಲ್‌ನಲ್ಲಿ ಶೇ 10ರವರೆಗೆ ಎಥನಾಲ್ ಇದೆ. ಹಳೆಯ ರಬ್ಬರು, ಗ್ಯಾಸ್ಕೆಟ್ಟು ಅದಕ್ಕೆ ತಡೆಯವು; ನೀರು ಹೀರಿದ ಪೆಟ್ರೋಲ್ ನಿಂತಲ್ಲಿ ಸತುವಿಗೆ ಬಿಳಿ ತುಕ್ಕು ಹಿಡಿಯುತ್ತದೆ. ಕ್ವಾಡ್ರಾಜೆಟ್‌ನ ತಳದ ಬಿರಡೆಗಳು ಸೋರುವುದಂತೂ ಹಳೇ ಕಾಯಿಲೆ. ಹೊಸ ಕಾರ್ಬುರೇಟರ್ ಹಾಕಿ ಓಡಿಸಿ, ಮೂಲವನ್ನು ಒಣಗಿಸಿ ಪೆಟ್ಟಿಗೆಯಲ್ಲಿಟ್ಟು, ಮಾರುವಾಗ ಜೊತೆಗೆ ಕೊಡಿ ಎಂಬುದು ಇವರ ಮಧ್ಯಮಮಾರ್ಗ. ಮೈಸೂರಿನ ಐಡಿಯಲ್ ಜಾವಾ ಬೈಕುಗಳನ್ನು ಸಾಕುವವರಿಗೆ ಈ ಜಗಳ ಹೊಸದಲ್ಲ. ಜಿಕೋವ್ ಕಾರ್ಬುರೇಟರ್ ಉಳಿಸಿಕೊಳ್ಳಬೇಕೋ, ಮಿಕುನಿ ಬಗೆಯದನ್ನು ಹಾಕಿ ನೆಮ್ಮದಿಯಾಗಿ ಓಡಿಸಬೇಕೋ ಎಂಬ ಮಾತು ನಮ್ಮ ಗ್ಯಾರೇಜುಗಳಲ್ಲೂ ನಡೆಯುತ್ತಲೇ ಇದೆ.

ಬೆಲೆ ಕೂಡುವ ಬಗೆ

ನಾಲ್ಕೂ ಪಂಥಗಳು ಒಂದೆಡೆ ಸೇರುವುದು ಸಂತೆಯಲ್ಲಿ. ಪೆನ್ಸಿಲ್ವೇನಿಯಾದ ಕಾರ್ಲೈಲ್, ಹರ್ಷಿಗಳಲ್ಲಿ ನಡೆಯುವ ದೊಡ್ಡ ಬಿಡಿಭಾಗದ ಮೇಳಗಳಲ್ಲಿ ಮೇಜಿನ ಮೇಲೆ ಸಾಲಾಗಿಟ್ಟ ಕಾರ್ಬುರೇಟರ್‌ಗಳನ್ನು ಹೊರಳಿಸಿ ನೋಡುವವರು ಮನಸ್ಸಿನಲ್ಲೇ ಒಂದು ಏಣಿಯನ್ನು ಇಟ್ಟುಕೊಂಡಿರುತ್ತಾರೆ. ಮೇಲಿನ ಮೆಟ್ಟಿಲಲ್ಲಿ ಕಾರಿನ ಜೊತೆಗೇ ಬಂದ, ಇತಿಹಾಸ ಗೊತ್ತಿರುವ ಕಾರ್ಬುರೇಟರ್. ಅದರ ಕೆಳಗೆ ಸಂಖ್ಯೆ, ತಾರೀಖು ಎರಡೂ ಹೊಂದುವ, ಇತಿಹಾಸ ಗೊತ್ತಿಲ್ಲದ್ದು. ಅದರ ಕೆಳಗೆ ಸಂಖ್ಯೆ ಸರಿಯಾಗಿದ್ದು ತಾರೀಖು ಮುಂದಿನ ವರ್ಷದ್ದಾದ, ಡೀಲರ್‌ನ ಬದಲಿ ಮಾಲು. ಆಮೇಲೆ ಕಲಬೆರಕೆ. ಕೊನೆಗೆ ಈಚಿನ ಮರುತಯಾರಿಕೆ. ಹಾಲಿಯೇ ತನ್ನ ಹಳೇ ಲಿಸ್ಟ್ ಸಂಖ್ಯೆಗಳಲ್ಲಿ ಕೆಲವನ್ನು ಮತ್ತೆ ತಯಾರಿಸಿ ಮಾರಿದೆ.

ಏಣಿಯ ಎತ್ತರವನ್ನು ನಿರ್ಧರಿಸುವುದು ಕಾರು. 1969ರಲ್ಲಿ 20,302 ಝಡ್/28ಗಳು ತಯಾರಾದವು. ಅಷ್ಟು ಕಾರುಗಳಲ್ಲಿ ಬಹಳಷ್ಟರ ಮಾಲೀಕರು ಇಂದು ಅದೇ 4053 ಹುಡುಕುತ್ತಿದ್ದಾರೆ. ಹೆಮಿಯ ಜೋಡಿ ಎಎಫ್‌ಬಿಗೆ ಗಿರಾಕಿಗಳು ಕಡಿಮೆ. ಬಂದ ಗಿರಾಕಿಯ ಜೇಬು ಆಳ. ಸಾಧಾರಣ ಕಾರಿನ ಕ್ವಾಡ್ರಾಜೆಟ್ ತಾಂತ್ರಿಕವಾಗಿ ಎಷ್ಟೇ ಒಳ್ಳೆಯದಾದರೂ ಲಕ್ಷಗಟ್ಟಲೆ ತಯಾರಾದ್ದರಿಂದ ಅಗ್ಗ. ಅದೇ ಕುಟುಂಬದ, ರಾಮ್ ಏರ್ ಎಂಬ ಬಲಿಷ್ಠ ಪಾಂಟಿಯಾಕ್ ಎಂಜಿನ್‌ನ ಸಂಖ್ಯೆ ಹೊತ್ತದ್ದು ದುಬಾರಿ. ಎರಡನ್ನೂ ಪಕ್ಕಪಕ್ಕ ಇಟ್ಟರೆ ಹೊಸಬರಿಗೆ ಭೇದ ತಿಳಿಯದು.

ಜೊತೆಯಾಗಿ ಬರುವವುಗಳಿಗೆ ಬೇರೆ ಗಣಿತ. ಟ್ರೈ-ಪವರ್‌ನ ಮೂರರಲ್ಲಿ ಒಂದು ಕಾಣೆಯಾದರೆ ಉಳಿದೆರಡರ ಬೆಲೆ ಮೂರನೇ ಎರಡು ಭಾಗಕ್ಕಿಂತ ಎಷ್ಟೋ ಕೆಳಗೆ ಬೀಳುತ್ತದೆ, ಕಾಣೆಯಾದ ಒಂದಕ್ಕೆ ಮಾತ್ರ ಕೇಳಿದ್ದೇ ಬೆಲೆ. ತಾರೀಖಿನ ಬೆಲೆಯೂ ಹಾಗೇ. ಮಾರ್ಚ್ ಮೂರನೇ ವಾರದ 4053 ಏಪ್ರಿಲ್‌ನ ಝಡ್/28 ಇಟ್ಟುಕೊಂಡವನಿಗೆ ಬಂಗಾರ. ಜನವರಿಯ ಕಾರಿನವನಿಗೆ ಅದು ಬರೀ ಇನ್ನೊಂದು ಹಾಲಿ. ಆದ್ದರಿಂದ ಈ ಸರಕಿಗೆ ಸ್ಥಿರವಾದ ಮಾರುಕಟ್ಟೆ ದರ ಎಂಬುದೇ ಇಲ್ಲ. ಕೊನೇ ಸಲ ಇಷ್ಟಕ್ಕೆ ಹೋಯಿತು ಎಂಬ ಮಾತು ಮುಂದಿನ ಮಾರಾಟಕ್ಕೆ ಅಳತೆಗೋಲಾಗದು. ಕೆಲವು ಸಾಧಾರಣ ಕಾರುಗಳ ಮಟ್ಟಿಗಂತೂ ಮೂಗಿಗಿಂತ ಮೂಗುತಿ ಭಾರ.

ಮರುಅಚ್ಚಿನ ಜಗಳ

ಬೆಲೆ ಇಷ್ಟು ಏರಿದಮೇಲೆ ಮರುಅಚ್ಚು ಬರದೆ ಇರುತ್ತದೆಯೇ? ಅದೇ ಬಗೆಯ ಸಾಧಾರಣ ಹಾಲಿಯ ಗೋಪುರದ ಮುಖವನ್ನು ನುಣ್ಣಗೆ ತೀಡಿ, ಬೇಕಾದ ಸಂಖ್ಯೆ, ಬೇಕಾದ ತಾರೀಖು ಒತ್ತಿ, ಹೊಸ ಲೇಪ ಕೊಟ್ಟರೆ ಹತ್ತು ಅಡಿ ದೂರದಿಂದ ಅದೂ 4053. ಕೆಲವರು ಇದನ್ನು ಪುನರುಜ್ಜೀವನದ ಭಾಗ ಎನ್ನುತ್ತಾರೆ: ಕಾರಿಗೆ ಕಳೆದುಹೋದ ರೂಪ ಮರಳಿ ಬಂತು, ಯಾರಿಗೇನು ನಷ್ಟ? ವಿರೋಧಿಗಳ ಉತ್ತರ, ಇಂದಿನ ಮಾಲೀಕ ಪ್ರಾಮಾಣಿಕನಿರಬಹುದು, ನಾಳೆ ಕಾರು ನಾಲ್ಕು ಕೈ ದಾಟಿದಾಗ ಆ ಅಚ್ಚು ಸತ್ಯವಾಗಿ ಕೂರುತ್ತದೆ.

ಕಾನೂನು ಇಲ್ಲಿ ಹೆಚ್ಚು ನೆರವಾಗದು. ಕಾರಿನ ಗುರುತಿನ ಸಂಖ್ಯೆ ತಿದ್ದುವುದು ಅಮೆರಿಕದಲ್ಲಿ ಫೆಡರಲ್ ಅಪರಾಧ. ಕಾರ್ಬುರೇಟರ್ ಮೇಲಿನ ಸಂಖ್ಯೆ ಆ ಬಗೆಯ ಗುರುತಿನದಲ್ಲ. ಸುಳ್ಳು ಹೇಳಿ ಮಾರಿದರೆ ಮೋಸದ ಮೊಕದ್ದಮೆ ಹೂಡಬಹುದು; ಒತ್ತಿದ್ದು ಯಾರು, ಯಾವಾಗ ಎಂದು ತೋರಿಸುವುದು ಮಾತ್ರ ಕಷ್ಟದ ಕೆಲಸ.

ಇತ್ಯರ್ಥವಾಗದೆ ಉಳಿದದ್ದು

ಇಷ್ಟು ವರ್ಷಗಳ ವಾದದಿಂದ ಕೆಲವು ಸಂಗತಿಗಳು ಗಟ್ಟಿಯಾಗಿವೆ. ಯಾವ ಎಂಜಿನ್‌ಗೆ ಯಾವ ಸಂಖ್ಯೆ ಎಂಬ ಪಟ್ಟಿ ಬಹುಮಟ್ಟಿಗೆ ತುಂಬಿದೆ. ತಾರೀಖು ಓದುವುದರಲ್ಲಿ ತಕರಾರಿಲ್ಲ. ಕಲಬೆರಕೆಯನ್ನು ಗುರುತಿಸುವ ವಿದ್ಯೆ ಬೆಳೆದಿದೆ.

ಉಳಿದ ಗಂಟುಗಳು ಹಾಗೇ ಇವೆ. ತಾರೀಖಿಗೂ ಕಾರಿಗೂ ನಡುವೆ ಎಷ್ಟು ಅಂತರ ಸಹಜ ಎಂಬುದನ್ನು ಕಾರ್ಖಾನೆಯಿಂದ ಕಾರ್ಖಾನೆಗೆ, ತಿಂಗಳಿಂದ ತಿಂಗಳಿಗೆ ಬೇರೆಯಾಗಿ ನಿಗದಿ ಮಾಡಬೇಕೇ? ಡೀಲರ್ ಕೂರಿಸಿದ್ದನ್ನು ಯಾವ ಮೆಟ್ಟಿಲಲ್ಲಿಡಬೇಕು? ವಾರಂಟಿ ಅವಧಿಯಲ್ಲಿ ಕಂಪನಿಯೇ ಬದಲಾಯಿಸಿಕೊಟ್ಟ ಕಾರ್ಬುರೇಟರ್ ಕಾರಿನ ಇತಿಹಾಸದ ಭಾಗವೇ, ಅದಕ್ಕೆ ಅಂಟಿದ ಕಳಂಕವೇ? ಮರುಲೇಪ ಮಾಡಿಸಿದ ಮೂಲಕ್ಕೂ ಮಾಸಿದ ಮೂಲಕ್ಕೂ ತೀರ್ಪುಗಾರರು ಒಂದೇ ಅಂಕ ಕೊಡಬೇಕೇ? ಎಲ್ಲಕ್ಕಿಂತ ದೊಡ್ಡದು, ಹೊಸ ಅಚ್ಚು ಹಳೆಯದರಷ್ಟೇ ನಿಖರವಾದ ದಿನ ಅಂಕಿಯ ಪಂಥ ಯಾವ ನೆಲದ ಮೇಲೆ ನಿಲ್ಲುತ್ತದೆ? ಲೋಹವನ್ನು ಓದಬಲ್ಲ ಹಳಬರು ಒಬ್ಬೊಬ್ಬರಾಗಿ ಇಲ್ಲವಾಗುತ್ತಿದ್ದಾರೆ. ಅವರು ಕಣ್ಣಿನಲ್ಲಿಟ್ಟುಕೊಂಡ ವಿದ್ಯೆ ಚಿತ್ರಸಹಿತ ದಾಖಲೆಯಾಗಿರುವುದು ಕಡಿಮೆ.

ನನ್ನ ತೀರ್ಪು ಇಷ್ಟು. ಒಂದೊಂದು ಪಂಥವೂ ತನ್ನ ಪ್ರಶ್ನೆಗೆ ಸರಿಯಾಗಿ ಉತ್ತರಿಸುತ್ತದೆ, ಪಕ್ಕದ ಪ್ರಶ್ನೆಯಲ್ಲಿ ಎಡವುತ್ತದೆ. ಕಾಗದ ಕಾರಿನ ಬಗೆಯನ್ನು ಹೇಳಲಿ, ಅಂಕಿ ಕಾರ್ಬುರೇಟರ್‌ನ ಬಗೆಯನ್ನು, ಲೋಹ ಅಂಕಿಯ ನಿಜವನ್ನು. ಮೂರೂ ಕೂಡಿದಾಗಲೂ ಸಿಗುವುದು ಬಲವಾದ ಸಾಧ್ಯತೆ. ಕಾರಿಗೇ ಹುಟ್ಟಿದ ಕಾರ್ಬುರೇಟರ್ ಎಂದು ಖಚಿತವಾಗಿ ಹೇಳಬಲ್ಲವನು ಅದನ್ನು ಒಮ್ಮೆಯೂ ಕೈಬಿಡದ ಮೊದಲ ಮಾಲೀಕನೊಬ್ಬನೇ. ಆದ್ದರಿಂದ ಕೊಳ್ಳುವವರು ಮೂಲ ಎಂಬ ಒಂದು ಪದಕ್ಕೆ ಹಣ ಕೊಡಬೇಡಿ. ಸಂಖ್ಯೆ, ತಾರೀಖು, ಬದಲಾದ ಬಿಡಿಭಾಗ, ಕೊಟ್ಟ ಲೇಪ, ಒತ್ತಿದ ಅಚ್ಚು ಎಲ್ಲವನ್ನೂ ರಸೀದಿಯ ಮೇಲೆ ಬರೆಸಿಕೊಂಡು ಸಹಿ ಹಾಕಿಸಿಕೊಳ್ಳಿ. ಬರೆದುಕೊಡಲು ಹಿಂಜರಿಯುವ ಮಾರಾಟಗಾರನ ಕಾರ್ಬುರೇಟರ್‌ಗೆ ಮರುತಯಾರಿಕೆಯ ಬೆಲೆಗಿಂತ ಒಂದು ಡಾಲರ್ ಹೆಚ್ಚು ಕೊಡುವುದೂ ದಂಡ.